ಯಾರೂ ನೋಡದ ಜಿಗಿತ

“ಶೂ ಬಿಚ್ಚಬೇಕಾ?” ಎಂದು ಕೋಚ್ ಕೇಳಿದ.

ಬೇಡ, ಆವತ್ತು ಹೇಗೆ ಜಿಗಿದಿರೋ ಹಾಗೇ ಜಿಗಿಯಿರಿ ಎಂದೆ. ‘ಆವತ್ತು’ ಎಂಬುದನ್ನು ಬೇಕೆಂದೇ ಒತ್ತಿ ಹೇಳಿದೆ. ಅವನ ಮುಖ ಸಣ್ಣಗಾಯಿತು. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕ್ರೀಡಾ ಕಾಲೇಜಿನ ಆ ಲ್ಯಾಬಿನಲ್ಲಿ ಇದ್ದದ್ದು ನಾವು ನಾಲ್ವರು. ಗೋಡೆಗೆ ಹೊಡೆದ ಅಳತೆಯ ಹಲಗೆಯ ಮುಂದೆ ಕೋಚ್. ಅವನ ಬೆನ್ನ ಹಿಂದೆ ನಿಂತು ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದ ನನ್ನ ಸೊಸೆ. ಅವಳು ಆ ಲ್ಯಾಬಿನ ಸಹಾಯಕಿ. ಕಂಪ್ಯೂಟರಿನ ಎದುರು ಲ್ಯಾಬಿನ ಯಜಮಾನ, ಅಂದರೆ ಪ್ರೊಫೆಸರ್. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ನಾನು. ಬೆಳಿಗ್ಗೆ ಹನ್ನೊಂದು ಗಂಟೆ. ಕಿಟಕಿಯಾಚೆ ಓಟದ ಹುಡುಗಿಯರು ಸುತ್ತು ಹಾಕುತ್ತಿದ್ದರು.

ಇಪ್ಪತ್ತಮೂರು ದಿನಗಳ ಹಿಂದೆ, ಇದೇ ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲಿನಿಂದ ನನ್ನ ತಂಗಿಯ ಮಗಳು ಬಿದ್ದು ಸತ್ತಳು. ಉದ್ದ ಜಿಗಿತದ ಹುಡುಗಿ. ಮೂರು ವರ್ಷದವಳಿದ್ದಾಗಲೇ ಮಂಚದಿಂದ ಮಂಚಕ್ಕೆ ಹಾರುತ್ತಿದ್ದುದರಿಂದ ನಾನು ಅವಳನ್ನು ಮಿಡತೆ ಎನ್ನುತ್ತಿದ್ದೆ. ಕಾಲು ಜಾರಿ ಬಿದ್ದಳು ಎಂದು ಪೊಲೀಸರು ಬರೆದು ಕೈತೊಳೆದುಕೊಂಡರು.

ಜಾರಿ ಬಿದ್ದವಳ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಹೇಗೆ ಬಂತು? ಮೊಣಕಾಲು ಊದಿಕೊಂಡು ಲಿಫ್ಟಿಗೇ ಕಾಯುತ್ತಿದ್ದ ಹುಡುಗಿ ಆ ಮೆಟ್ಟಿಲಿಗೆ ತಾನಾಗಿ ಏಕೆ ಹೋದಳು? ಯಾರೋ ಕರೆದಿದ್ದಾರೆ, ಯಾರೋ ತೋಳು ಹಿಡಿದಿದ್ದಾರೆ. ಹೆಣದ ಮುಂದೆ ನಿಂತು ನಾನು ತಂಗಿಗೆ ಮಾತು ಕೊಟ್ಟಿದ್ದೆ: ಆ ಕೈ ಯಾರದ್ದೇ ಆಗಿರಲಿ, ಅದಕ್ಕೆ ಕೋಳ ಹಾಕಿಸುತ್ತೇನೆ. ತಂಗಿ ಆವತ್ತಿನಿಂದ ಒಂದೇ ಮಾತು ಕೇಳುತ್ತಾಳೆ, ಎಲ್ಲಿಗೆ ಬಂತು ಅಕ್ಕಾ ಎಂದು.

ಆ ಕೈ ಕೋಚನದ್ದು ಎಂದು ಮೊದಲ ದಿನವೇ ನನ್ನ ಮನಸ್ಸು ತೀರ್ಪು ಕೊಟ್ಟಿತ್ತು. ಮೊಣಕಾಲು ನೋವಿದ್ದರೂ ಬಲವಂತವಾಗಿ ಜಿಗಿಸುತ್ತಾನೆ ಎಂದು ಮಿಡತೆ ಅವನ ಮೇಲೆ ದೂರು ಬರೆದುಕೊಟ್ಟಿದ್ದಳು. ನಿನ್ನ ನೋಡ್ಕೋತೀನಿ ಎಂದು ಅವನು ಎಲ್ಲರೆದುರು ಕೂಗಾಡಿದ್ದ. ನಾನು ಅವನನ್ನು ಮನಸ್ಸಿನಲ್ಲಿ ಏಕವಚನಕ್ಕೆ ಇಳಿಸಿದ್ದು ಆವತ್ತೇ.

ಅಡ್ಡ ನಿಂತದ್ದು ಒಂದು ಡಬ್ಬಿ. ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್.

ಅದನ್ನು ಪಟ್ಟಿಗೆ ಸಿಕ್ಕಿಸಿ ಸೊಂಟದ ಹಿಂಬದಿಗೆ ಕಟ್ಟುತ್ತಾರೆ. ನಡೆದರೆ ಎಷ್ಟು ಹೆಜ್ಜೆ, ಜಿಗಿದರೆ ಎಷ್ಟು ಹೊತ್ತು ಗಾಳಿಯಲ್ಲಿದ್ದರು, ಎಲ್ಲವನ್ನೂ ಗಂಟೆ ನಿಮಿಷದ ಸಮೇತ ಅದು ಬರೆದಿಟ್ಟುಕೊಳ್ಳುತ್ತದೆ. ಗಾಳಿಯಲ್ಲಿದ್ದ ಹೊತ್ತಿನಿಂದ ಜಿಗಿತದ ಎತ್ತರ ಲೆಕ್ಕ ಹಾಕುತ್ತದೆ. ಅದರ ಲೆಕ್ಕವನ್ನು ನಂಬಬಹುದೇ ಎಂಬುದೇ ಪ್ರೊಫೆಸರರ ಪರೀಕ್ಷೆ. ಹನ್ನೆರಡು ಜನರನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ನಡೆಸಿ ಜಿಗಿಸಿದ್ದರು. ಜೊತೆಗೆ ಬೆರಳಿಗೆ ಸೀಮೆಸುಣ್ಣ ಹಚ್ಚಿ, ಜಿಗಿಸಿ ಹಲಗೆ ಮುಟ್ಟಿಸಿ, ಗುರುತು ನೋಡಿ ದಾಖಲೆ ಪುಸ್ತಕದಲ್ಲಿ ಕೈಯಲ್ಲೂ ಬರೆದುಕೊಂಡಿದ್ದರು.

ಮಿಡತೆ ಸತ್ತ ದಿನ ಕೋಚನ ಎರಡನೆಯ ಸರದಿ. ಹತ್ತೂ ಇಪ್ಪತ್ತಕ್ಕೆ ಮಿಡತೆ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದುದನ್ನು ಕಂಡವರಿದ್ದಾರೆ. ಹತ್ತೂ ಮುಕ್ಕಾಲಿಗೆ ಅವಳು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ಸೆನ್ಸರ್ ಹೇಳುವಂತೆ ಹತ್ತೂ ಐದರಿಂದ ಹತ್ತೂ ಮುಕ್ಕಾಲರವರೆಗೆ ಕೋಚ್ ಲ್ಯಾಬಿನಲ್ಲಿ ನಡೆಯುತ್ತ, ಜಿಗಿಯುತ್ತ ಇದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ನನಗೆ ಸಾಲಲಿಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವಳು ನಾನು. ಈಗಲೂ ತಕ್ಕಡಿ ಮೇಡಂ ಎಂದರೆ ಹಳೆಯ ಅಂಗಡಿಯವರು ಎದ್ದು ನಿಲ್ಲುತ್ತಾರೆ.

ಕೋಚನ ಎರಡು ದಿನದ ದಾಖಲೆಯನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ನಡಿಗೆ ಎರಡೂ ದಿನ ಒಂದೇ. ಜಿಗಿತ ಮಾತ್ರ ಎಡವಿತ್ತು. ಮೊದಲ ವಾರ ಸೆನ್ಸರೂ ಮೂವತ್ತೆಂಟು ಸೆಂಟಿಮೀಟರ್ ಎಂದಿತ್ತು, ಹಲಗೆಯೂ ಮೂವತ್ತೆಂಟು. ಸಾವಿನ ದಿನ ಪುಸ್ತಕದಲ್ಲಿ ಹಲಗೆಯ ಲೆಕ್ಕ ಮೂವತ್ತೆಂಟು, ಮೂವತ್ತೇಳು, ಮೂವತ್ತೆಂಟು ಎಂದಿದೆ. ಸೆನ್ಸರ್ ಮಾತ್ರ ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೈದು ಎನ್ನುತ್ತದೆ.

ಪ್ರೊಫೆಸರಿಗೆ ಇದು ಸಂತೋಷದ ಸಮಾಚಾರ. ನಡಿಗೆಗೆ ಈ ಸೆನ್ಸರ್ ನಂಬಿಗಸ್ತ, ಜಿಗಿತಕ್ಕೆ ಅಲ್ಲ ಎಂದು ಅವರು ಪ್ರಬಂಧದ ಕೊನೆಯ ಪುಟವನ್ನೂ ಬರೆದು ಮುಗಿಸಿದ್ದರು. ಸೊಸೆಯೂ ಮನೆಯಲ್ಲಿ ಅದನ್ನೇ ಹೇಳಿದ್ದಳು: ಜಿಗಿತದ ಲೆಕ್ಕ ಹಿಡ್ಕೊಂಡು ಯಾಕೆ ತಲೆ ಕೆಡಿಸ್ಕೋತೀರಿ ಅತ್ತೆ, ಬಿಟ್ಬಿಡಿ.

ತಕ್ಕಡಿಯನ್ನು ಪರೀಕ್ಷಿಸದೆ ತಕ್ಕಡಿಗೆ ಕಳ್ಳಪಟ್ಟ ಕಟ್ಟುವುದು ನನ್ನ ಜಾಯಮಾನದಲ್ಲೇ ಇಲ್ಲ. ಹೋದ ವಾರವಿಡೀ ಆ ಸೆನ್ಸರನ್ನು ಕಟ್ಟಿಕೊಂಡು ಕಾರಿಡಾರಿನಲ್ಲಿ ಎಣಿಸಿ ಎಣಿಸಿ ನಡೆದೆ. ಇನ್ನೂರು ಹೆಜ್ಜೆಗೆ ಒಂದು ಹೆಚ್ಚು, ಒಂದು ಕಡಿಮೆ, ಅಷ್ಟೇ. ಜಿಗಿಯುವ ವಯಸ್ಸು ನನ್ನದಲ್ಲ, ಹಾಗಾಗಿ ಪ್ರೊಫೆಸರನ್ನೇ ಜಿಗಿಸಿದೆ. ಮೊದಲು ಅವರ ಹೊಟ್ಟೆ ಏರಿತು, ಹಿಂದಿನಿಂದ ಅವರು ಏರಿದರು. ಹಲಗೆ ಹನ್ನೊಂದು ಎಂದಿತು. ಸೆನ್ಸರೂ ಹನ್ನೊಂದು ಎಂದಿತು. ಹತ್ತು ಸಲ ಜಿಗಿಸಿದೆ. ಆಮೇಲೆ ಎರಡು ದಿನ ಅವರು ನನ್ನ ಫೋನ್ ಎತ್ತಲಿಲ್ಲ.

ಅಂದರೆ ಸೆನ್ಸರ್ ಸುಳ್ಳು ಹೇಳುವ ಜಾತಿಯದ್ದಲ್ಲ. ಆವತ್ತು ಜಿಗಿದವನು ನಿಜವಾಗಿಯೂ ಇಪ್ಪತ್ತೈದೇ ಜಿಗಿದಿದ್ದಾನೆ. ಮೂವತ್ತೆಂಟು ಜಿಗಿಯುವ ಕೋಚ್ ಒಂದೇ ವಾರದಲ್ಲಿ ಇಪ್ಪತ್ತೈದಕ್ಕೆ ಇಳಿಯುತ್ತಾನೆಯೇ? ಅವನ ಪಟ್ಟಿಯನ್ನು ಬೇರೆ ಯಾರೋ ಕಟ್ಟಿಕೊಂಡು ಜಿಗಿದಿದ್ದಾರೆ, ಇವನು ಆ ಹೊತ್ತಿನಲ್ಲಿ ಕಬ್ಬಿಣದ ಮೆಟ್ಟಿಲಲ್ಲಿದ್ದ. ಹಲಗೆಯಲ್ಲಿ ಮೂವತ್ತೆಂಟು ತೋರಿಸಿ ಸೊಸೆಯ ಕಣ್ಣಿಗೆ ಮಣ್ಣೆರಚಿದ್ದಾದರೂ ಹೇಗೆ ಎಂಬುದನ್ನು ಅವನ ಬಾಯಿಂದಲೇ ಬಿಡಿಸೋಣ ಎಂದುಕೊಂಡೆ. ಮೂರನೆಯ ಸರದಿ ಇದೆ ಎಂದು ಪ್ರೊಫೆಸರಿಂದ ಹೇಳಿಸಿ ಅವನನ್ನು ಕರೆಸಿದ್ದು ಇದಕ್ಕೇ. ಇವತ್ತು ಅವನು ಮೂವತ್ತೆಂಟು ಜಿಗಿದರೆ ಸಾಕು, ಅವನ ಕಥೆ ಮುಗಿಯಿತು.

ಸೊಸೆ ಪಟ್ಟಿ ಬಿಗಿದು ಮುಗಿಸಿದಳು. ಕೋಚ್ ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಸುಮ್ಮನೆ ನಿಂತ. ಏನಾಯಿತು ಎಂದೆ. ಇವತ್ತು ಮೈ ಸರಿಯಿಲ್ಲ, ನಾಳೆ ಬರುತ್ತೇನೆ ಎಂದ. ನಾನು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡೆ. ಇಲಿ ಬೋನಿಗೆ ಬಿದ್ದ ಮೇಲೆ ನಾಳೆ ಬರುತ್ತೇನೆ ಎಂದರೆ ಬಿಡುವವರುಂಟೇ?

“ಜಿಗೀರಿ,” ಎಂದೆ.

ಸೊಸೆ ಹಿಂದಿನಿಂದ ಸೆನ್ಸರನ್ನು ತೋರುಬೆರಳಿನಿಂದ ಮೂರು ಸಲ ತಟ್ಟಿ ಪಕ್ಕಕ್ಕೆ ಸರಿದಳು. ಅವನು ಮಂಡಿ ಬಗ್ಗಿಸಿ, ಕೈ ಬೀಸಿ, ಮೇಲೆದ್ದ.

ಸೊಸೆ ಹಲಗೆಯ ಮೇಲಿನ ಗುರುತು ನೋಡಿದಳು. ಪ್ರೊಫೆಸರ್ ಕಂಪ್ಯೂಟರ್ ನೋಡಿ ಕನ್ನಡಕ ಒರೆಸಿಕೊಂಡರು.

“ಇಪ್ಪತ್ತಾರು,” ಎಂದರು. “ಹಲಗೇಲೂ ಅಷ್ಟೇನಾ?”

ಹಲಗೆಯಲ್ಲೂ ಇಪ್ಪತ್ತಾರು. ಇನ್ನೊಮ್ಮೆ ಎಂದೆ. ಸೊಸೆ ತಟ್ಟಿದಳು, ಅವನು ಜಿಗಿದ. ಇಪ್ಪತ್ತೈದು. ಬೇಕೆಂದೇ ಕಡಿಮೆ ಜಿಗಿಯುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿಯಿತು. ಮೂರನೆಯ ಸಲ ಅವನು ನೆಲಕ್ಕೆ ಇಳಿದಾಗ ಬಾಯಿಂದ ಒಂದು ನರಳಾಟ ಹೊರಟಿತು. ಹಲಗೆ ಹಿಡಿದುಕೊಂಡು ಒಂದೇ ಕಾಲಲ್ಲಿ ನಿಂತ.

ನಾಟಕ ಸಾಕು ಎಂದೆ.

ಅವನು ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಎತ್ತಿದ. ಬಲಗಾಲಿನ ಮೀನಖಂಡಕ್ಕೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿತ್ತು. ಆಮೇಲೆ ಫೋನ್ ತೆಗೆದು ಡಾಕ್ಟರ್ ಬರೆದುಕೊಟ್ಟ ಚೀಟಿಯ ಫೋಟೋ ತೋರಿಸಿದ. ಮೀನಖಂಡದ ಸ್ನಾಯು ಹರಿದಿದೆ, ಆರು ವಾರ ಜಿಗಿಯಬಾರದು ಎಂದಿತ್ತು. ತಾರೀಖು ನೋಡಿದೆ. ಮಿಡತೆ ಸಾಯುವ ಎರಡು ದಿನ ಮುಂಚಿನದು.

“ಕೋಚ್‌ಗೇ ಜಿಗಿಯೋಕಾಗಲ್ಲ ಅಂದ್ರೆ ಹುಡುಗೀರು ಮಾತು ಕೇಳ್ತಾರಾ ಮೇಡಂ?” ಎಂದ. “ಸಮ ನೆಲದಲ್ಲಿ ನಡೆದ್ರೆ ಗೊತ್ತಾಗಲ್ಲ. ಜಿಗಿದ್ರೆ ಜೀವ ಹೋಗುತ್ತೆ. ಅವಳು ಮೊಣಕಾಲು ನೋವು ಅಂದಾಗ ನಾಟಕ ಅಂದಿದ್ದೆ ನಾನು. ಈಗ ನೀವೂ ಅದನ್ನೇ ಅಂದ್ರಿ.”

ಇಪ್ಪತ್ತಮೂರು ದಿನ ಇವನ ಮೇಲೆ ಹಲ್ಲು ಮಸೆದಿದ್ದೆ. ಇವನು ಕಟಕಟೆಯಲ್ಲಿ ನಿಂತು ಬೆವರುವುದನ್ನು ನೆನೆಸಿಕೊಂಡೇ ಊಟ ಮಾಡುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ. ಆ ದ್ವೇಷವನ್ನು ಈಗ ಎಲ್ಲಿ ಇಳಿಸಲಿ? ಇವರನ್ನು ಮತ್ತೆ ಬಹುವಚನಕ್ಕೆ ಏರಿಸಬೇಕಲ್ಲ ಎಂಬುದೇ ಒಂದು ಸಂಕಟ.

ಆದರೂ ಒಂದು ಲೆಕ್ಕ ಕೂಡಲಿಲ್ಲ. ಆವತ್ತು ಜಿಗಿದವರು ಇವರೇ, ಹರಿದ ಕಾಲಿನಲ್ಲಿ ಜಿಗಿದದ್ದು ಇಪ್ಪತ್ತೈದು, ಸೆನ್ಸರ್ ಬರೆದದ್ದೂ ಇಪ್ಪತ್ತೈದು. ಎಲ್ಲ ಸರಿ. ಹಾಗಾದರೆ ಪುಸ್ತಕದಲ್ಲಿ ಮೂವತ್ತೆಂಟು ಎಲ್ಲಿಂದ ಬಂತು?

ಕೋಚ್ ನನ್ನ ಮುಖ ನೋಡಲಿಲ್ಲ, ಸೊಸೆಯ ಮುಖವನ್ನೂ ನೋಡಲಿಲ್ಲ. ನೆಲ ನೋಡುತ್ತ ಹೇಳಿದರು. ಆವತ್ತು ಜಿಗಿಯುವಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಎಷ್ಟು ಎತ್ತರ ಎಂದು ಯಾರೂ ನೋಡಲಿಲ್ಲವಲ್ಲ, ಮಾನ ಉಳಿಯಿತು ಎಂದುಕೊಂಡರು. ಹಲಗೆಯ ಗುರುತನ್ನು ತಾವೇ ಒರೆಸಿಬಿಟ್ಟರು. ಮರುದಿನ ಪುಸ್ತಕದಲ್ಲಿ ಮೂವತ್ತೆಂಟು ಎಂದು ಕಂಡಾಗ, ಯಾರೋ ದೊಡ್ಡ ಮನಸ್ಸು ಮಾಡಿ ಹಳೆಯ ಲೆಕ್ಕವನ್ನೇ ತುಂಬಿದ್ದಾರೆಂದು ಬಾಯಿ ಮುಚ್ಚಿಕೊಂಡರು.

ಈ ಮಾತನ್ನೂ ನಾನು ಸುಮ್ಮನೆ ನಂಬಲಿಲ್ಲ. ಪ್ರೊಫೆಸರ ಹೆಗಲ ಮೇಲಿಂದ ಬಗ್ಗಿ ಇವತ್ತಿನ ಗ್ರಾಫ್ ನೋಡಿದೆ. ಪ್ರತಿ ಜಿಗಿತದ ದೊಡ್ಡ ಏರಿಳಿತಕ್ಕೆ ಮುಂಚೆ ಮೂರು ಪುಟ್ಟ ಮುಳ್ಳುಗಳು ಎದ್ದಿದ್ದವು. ಇವೇನು ಎಂದೆ.

“ತಟ್ಟಿದ್ದು,” ಎಂದರು ಪ್ರೊಫೆಸರ್. “ಅಳೆಯೋರು ಮೂರು ಸಲ ತಟ್ಟಬೇಕು. ಶುರುವಾಯ್ತು ಅಂತ ಗುರುತು. ನಮ್ಮಲ್ಲಿ ಅದೊಂದು ಪದ್ಧತಿ. ಕಂಪ್ಯೂಟರ್ ಹೇಗೂ ಜಿಗಿತವನ್ನ ತಾನೇ ಹುಡುಕಿ ಅಳೆಯುತ್ತೆ, ಹಾಗಾಗಿ ಇದನ್ನ ಯಾರೂ ನೋಡಲ್ಲ.”

ಆವತ್ತಿನ ಗ್ರಾಫ್ ತೆಗೆಯಿರಿ ಎಂದೆ.

ಹತ್ತೂ ಐದಕ್ಕೆ, ನಡಿಗೆಗೆ ಮುಂಚೆ, ಮೂರು ಮುಳ್ಳು. ನಡಿಗೆ ಮುಗಿದದ್ದು ಹತ್ತೂ ಇಪ್ಪತ್ತಾರಕ್ಕೆ. ಹತ್ತೂ ಮೂವತ್ತೊಂದಕ್ಕೆ ಮೊದಲ ಜಿಗಿತ; ಅದಕ್ಕೆ ಮುಂಚೆ ಗೆರೆ ನೀಟಾಗಿ ಮಲಗಿತ್ತು. ಎರಡನೆಯದಕ್ಕೂ ಮುಳ್ಳಿಲ್ಲ, ಮೂರನೆಯದಕ್ಕೂ ಇಲ್ಲ. ಹತ್ತೂ ನಲವತ್ತೈದಕ್ಕೆ ಯಾರೋ ಪಟ್ಟಿ ಬಿಚ್ಚಿದ ಅಲುಗಾಟ. ನಡುವಿನ ಹತ್ತೊಂಬತ್ತು ನಿಮಿಷ ತಟ್ಟುವ ಕೈ ಆ ಕೋಣೆಯಲ್ಲಿ ಇರಲಿಲ್ಲ.

ದಾಖಲೆ ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ಆ ಪುಟದಲ್ಲಿ ಮಣಿ ಪೋಣಿಸಿದಂಥ ದುಂಡು ಅಂಕಿಗಳು. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ತಾರೀಖು ಬರೆದಿರುವುದೂ ಅದೇ ಅಂಕಿಗಳಲ್ಲಿ.

ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಮಾಡದ ತಪ್ಪನ್ನು ನಾನು ಮಾಡಿದ್ದೆ. ತಕ್ಕಡಿಯನ್ನು ಹತ್ತು ಸಲ ಪರೀಕ್ಷಿಸಿದೆ, ತೂಕದ ಕಲ್ಲನ್ನು ಒಮ್ಮೆಯೂ ಎತ್ತಿ ನೋಡಲಿಲ್ಲ. ಏಕೆಂದರೆ ಆ ಕಲ್ಲು ನನ್ನ ಮನೆಯಿಂದ ಬಂದದ್ದು.

ಕೋಚನ್ನೂ ಪ್ರೊಫೆಸರನ್ನೂ ಹೊರಗೆ ಕಳಿಸಿದೆ. ಪ್ರಬಂಧದ ಕೊನೆಯ ಪುಟ ತಿದ್ದಬೇಕಾಗುತ್ತಲ್ಲ ಎಂದು ಗೊಣಗುತ್ತಲೇ ಪ್ರೊಫೆಸರ್ ಹೋದರು. ಕೋಚ್ ಕುಂಟುತ್ತ ಹೋದರು. ಬಾಗಿಲು ಹಾಕಿಕೊಂಡೆ.

ಸೊಸೆ ಖಾಲಿ ಪಟ್ಟಿಯನ್ನು ಸುತ್ತುತ್ತ ನಿಂತಿದ್ದಳು. ಐದು ವರ್ಷದಿಂದ ನನ್ನ ಜೊತೆ ಒಂದೇ ಸೂರಿನಡಿ ಇರುವವಳು. ಈ ಇಪ್ಪತ್ತಮೂರು ದಿನ ದಾಖಲೆಗಳನ್ನು ಕದ್ದು ತಂದುಕೊಟ್ಟವಳು ಅವಳೇ, ರಾತ್ರಿ ನಾನು ಅಳುವಾಗ ತಲೆ ಸವರಿದವಳೂ ಅವಳೇ. ಅವಳ ಕುತ್ತಿಗೆ ಹಿಡಿಯಬೇಕು ಎನ್ನಿಸಿತು. ನಿಜವಾಗಿ ಎನ್ನಿಸಿತು.

“ಆ ಹತ್ತೊಂಬತ್ತು ನಿಮಿಷ ಎಲ್ಲಿದ್ದೆ?” ಎಂದೆ.

ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಬಲಗೈ ಅಗಲಿಸಿ ನನ್ನ ತೋಳಿನ ಮೇಲೆ, ಮಿಡತೆಯ ತೋಳಿನಲ್ಲಿ ಎಲ್ಲಿ ಗುರುತಿತ್ತೋ ಅಲ್ಲೇ ಇಟ್ಟಳು. ಸಣ್ಣ ಬೆರಳುಗಳು, ತೋಳನ್ನು ಅರ್ಧವೂ ಬಳಸಲಿಲ್ಲ. ಆ ಗುರುತಿನ ಫೋಟೋವನ್ನು ನಾನು ಅಳತೆಪಟ್ಟಿ ಇಟ್ಟು ನೋಡಿದ್ದೆ. ಅದು ಗಂಡಸಿನ ಕೈ ಎಂದು ನನಗೆ ಗೊತ್ತಿತ್ತು.

“ನಂದಲ್ಲ ಅತ್ತೆ,” ಎಂದಳು.

ನಿನ್ನದಲ್ಲದಿದ್ದರೆ ಸುಳ್ಳು ಅಂಕಿ ಏಕೆ ಬರೆದೆ, ಯಾರನ್ನು ಮುಚ್ಚಿಟ್ಟೆ ಎಂದು ಕೇಳಿದೆ. ದನಿ ಏರಿಸಲಿಲ್ಲ.

ಅವಳ ಬಾಯಿಂದ ಒಂದೊಂದೇ ಮಾತು ಹೊರಗೆ ಬಂತು. ಕೋಚನ ನಡಿಗೆ ಮುಗಿದ ಹೊತ್ತಿಗೆ ಅವಳಿಗೆ ಫೋನ್ ಬಂತು. ನೀವು ಜಿಗಿಯೋಕೆ ಶುರುಮಾಡಿ, ಎರಡು ನಿಮಿಷದಲ್ಲಿ ಬಂದೆ ಎಂದು ಕೋಚಿಗೆ ಹೇಳಿ ಹಿಂಬದಿಗೆ ಓಡಿದಳು. ಹೋಗುವಷ್ಟರಲ್ಲಿ ಮಿಡತೆ ಕೆಳಗೆ ಬಿದ್ದಿದ್ದಳು. ಮೂಗಿನ ಹತ್ತಿರ ಕೈ ಇಟ್ಟು ನೋಡಿದಳು, ಉಸಿರಿರಲಿಲ್ಲ. ವಾಪಸ್ಸು ಬಂದು ಪಟ್ಟಿ ಬಿಚ್ಚಿ, ಹಿಂದಿನ ವಾರದ ಅಂಕಿಗಳನ್ನೇ ಒಂದಿಷ್ಟು ಹಿಂದೆ ಮುಂದೆ ಮಾಡಿ ಬರೆದಳು.

“ಫೋನ್ ಮಾಡಿದ್ದು ಯಾರು?”

“ಇವರು,” ಎಂದಳು.

ಇವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಸೊಸೆಯ ಬಾಯಲ್ಲಿ ‘ಇವರು’ ಎಂದರೆ ಒಬ್ಬರೇ. ಮದುವೆಯಾದಾಗಿನಿಂದ ಅವಳು ಅವನ ಹೆಸರು ಹಿಡಿದು ಕರೆದವಳಲ್ಲ. ಹೆಸರಿಟ್ಟವಳು ನಾನು.

ನನ್ನ ಮಗ ಲಿಫ್ಟ್ ರಿಪೇರಿಯವನು; ಲಿಫ್ಟ್ ನಿಲ್ಲಿಸಿ ಒಬ್ಬಳನ್ನು ಮೆಟ್ಟಿಲಿಗೆ ಕಳಿಸುವುದು ಅವನಿಗೆ ಕಷ್ಟವಲ್ಲ. ಆವತ್ತು ಅವನು ಬೇರೆ ಊರಿನಲ್ಲಿ ಕೆಲಸಕ್ಕೆ ಹೋಗಿದ್ದ, ಸಂಜೆ ಸುದ್ದಿ ತಿಳಿದು ಓಡಿ ಬಂದ ಎಂದು ನನಗೆ ಹೇಳಿದ್ದು ಇದೇ ಸೊಸೆ. ಮಿಡತೆಯ ಹೆಣಕ್ಕೆ ಹೆಗಲು ಕೊಟ್ಟವನು ಅವನು. ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು.

ಏಕೆ ಎಂದು ಕೇಳಿದೆ. ಅದೊಂದನ್ನು ಮಾತ್ರ ಅವರು ನನಗೂ ಹೇಳಿಲ್ಲ ಎಂದಳು. ಕೇಳಿದಾಗಲೆಲ್ಲ, ಮಿಡತೆಯ ಅಮ್ಮನಿಗೆ ಏನಾದರೂ ಗೊತ್ತಿದೆಯಾ ಎಂದು ತಿರುಗಿ ಕೇಳುತ್ತಾರಂತೆ. ಚಿಕ್ಕಮ್ಮನಿಗೆ ಗೊತ್ತಿದ್ದರೆ ಕಷ್ಟ ಎನ್ನುತ್ತಾರಂತೆ.

ಕೋಚನ ಮೇಲಿದ್ದ ಅಷ್ಟೂ ಸಿಟ್ಟು ಒಂದು ಹನಿಯೂ ಚೆಲ್ಲದೆ ಹಾಗೇ ಇತ್ತು. ಹೆತ್ತ ಮಗ ಎಂದ ಕೂಡಲೇ ಅದು ಕರಗುತ್ತದೆ ಎಂದುಕೊಂಡಿದ್ದೆ, ಕರಗಲಿಲ್ಲ. ಯಾರದ್ದೇ ಆಗಿರಲಿ ಎಂದು ತಂಗಿಗೆ ನಾನೇ ಹೇಳಿದ್ದೆ. ಇವತ್ತು ಇನ್ನೊಂದು ಗಂಟೆಯೊಳಗೆ ಅವನ ಕಾಲರ್ ಹಿಡಿದು ಎಳೆದುಕೊಂಡು ಹೋಗಿ ಅವಳ ಕಾಲಬುಡದಲ್ಲಿ ಕೆಡವುತ್ತೇನೆ ಎಂದು ಬ್ಯಾಗ್ ಎತ್ತಿಕೊಂಡೆ.

“ಎಲ್ಲಿದಾನೆ ಈಗ?”

ಸೊಸೆ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ಇದ್ದದ್ದು ನನ್ನ ಮೇಲಿನ ಭಯವಲ್ಲ ಎಂಬುದು ಆಗ ನನಗೆ ಹೊಳೆಯಿತು.

“ನಿಮ್ಮ ತಂಗಿ ಮನೇಲಿ ಅತ್ತೆ. ಅವಳೊಬ್ಬಳೇ ಇದಾಳೆ, ಹೋಗಿ ಜೊತೇಲಿರು ಅಂತ ಬೆಳಿಗ್ಗೆ ಕಳ್ಸಿದ್ದು ನೀವೇ ಅಲ್ವಾ.”